ನಾಯಿಗಳ ಟೈಟರ್ ಪರೀಕ್ಷೆ

ಡಿಸ್ಟೆಂಪರ್, ಪಾರ್ವೊ ಮುಂತಾದ ವೈರಸ್‌ಗಳನ್ನು ತಡೆಯುವ ಪ್ರತಿಕಾಯಗಳು ನಾಯಿಯ ರಕ್ತದಲ್ಲಿ ಎಷ್ಟಿವೆ ಎಂಬುದನ್ನು ಲಸಿಕೆಗೆ ಮುಂಚೆ ಅಥವಾ ಅನಂತರ ಅಳೆಯುವ ಪರೀಕ್ಷೆ. ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸುತ್ತ, ಯಾವ ಹಂತದವರೆಗೆ ಅದು ವೈರಸನ್ನು ತಡೆಯುತ್ತದೆ ಎಂದು ನೋಡುತ್ತಾರೆ. ಆ ಕೊನೆಯ ಹಂತದ ಅಂಕಿಯೇ ಟೈಟರ್. ಈ ಪರೀಕ್ಷೆಯ ಚರಿತ್ರೆಯ ಒಂದು ಮುಖ್ಯ ಭಾಗ ನ್ಯೂಯಾರ್ಕ್ ರಾಜ್ಯದ ಇಥಾಕ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಡಿಸ್ಟೆಂಪರ್: ಈ ರೋಗಕ್ಕೆ ವೈರಸ್ ಕಾರಣವೆಂದು 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ತೋರಿಸಿದ. ಮುಂದೆ ಲಸಿಕೆ ಬಂದರೂ ಕೆಲವು ಮರಿಗಳಿಗೆ ಅದು ಹತ್ತುತ್ತಿರಲಿಲ್ಲ. ಜೇಮ್ಸ್ ಬೇಕರ್ 1950ರಲ್ಲಿ ಕಾರ್ನೆಲ್‌ನಲ್ಲಿ ಸ್ಥಾಪಿಸಿದ ಪಶು ವೈರಸ್ ಸಂಶೋಧನಾ ಸಂಸ್ಥೆ ಇದರ ಕಾರಣವನ್ನು ಬಿಡಿಸಿತು. ಮರಿಗೆ ತಾಯಿಯಿಂದ ಬರುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಹೆತ್ತ ಹೊಸತಿನ ಗಿಣ್ಣುಹಾಲಿನ ಮೂಲಕ ಬರುತ್ತವೆ. ಅವು ಮರಿಯನ್ನು ಕಾಯುತ್ತವೆ. ಜೊತೆಗೆ ಲಸಿಕೆಯ ವೈರಸನ್ನೂ ಅಡಗಿಸುತ್ತವೆ. ಸುಮಾರು ಎಂಟು ದಿನಕ್ಕೊಮ್ಮೆ ಅವುಗಳ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕ ಹಿಡಿದು ಬೇಕರ್ ಮತ್ತು ಸಂಗಡಿಗರು 1959ರಲ್ಲಿ, ತಾಯಿಯ ಟೈಟರಿನಿಂದ ಮರಿಗಳ ಲಸಿಕೆಯ ವಯಸ್ಸನ್ನು ಹೇಳುವ ನಕ್ಷೆಯೊಂದನ್ನು ಪ್ರಕಟಿಸಿದರು.

ಪಾರ್ವೊ: 1978ರಲ್ಲಿ ಹೊಸದಾಗಿ ಕಾಣಿಸಿಕೊಂಡ ಈ ರಕ್ತಭೇದಿ ಬಹುಬೇಗ ಜಗತ್ತಿನೆಲ್ಲೆಡೆ ಹಬ್ಬಿತು. ಮ್ಯಾಕ್ಸ್ ಅಪೆಲ್, ಲೀಲಂಡ್ ಕಾರ್ಮೈಕಲ್ ಮೊದಲಾದವರು ಇದೇ ಸಂಸ್ಥೆಯಲ್ಲಿ ವೈರಸನ್ನು ಬೇರ್ಪಡಿಸಿ ಲಸಿಕೆ ರೂಪಿಸಿದರು. ಪಾರ್ವೊ ವೈರಸ್ ಹಂದಿಯ ಕೆಂಪು ರಕ್ತಕಣಗಳನ್ನು ಒಟ್ಟುಗೂಡಿಸುತ್ತದೆ. ಪ್ರತಿಕಾಯವಿದ್ದರೆ ಕಣಗಳು ಒಟ್ಟುಗೂಡುವುದಿಲ್ಲ. ಟೈಟರ್ ಅಳೆಯಲು ಈ ಗುಣವೇ ಒದಗಿತು. ತಾಯಿಯ ಪ್ರತಿಕಾಯ ರೋಗ ತಡೆಯಲು ಸಾಲದಷ್ಟು, ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿದಿರುವ ಅಪಾಯದ ಅವಧಿಯೊಂದಿದೆ ಎಂದು 1982ರಲ್ಲಿ ಪೊಲಾಕ್ ಮತ್ತು ಕಾರ್ಮೈಕಲ್ ವಿವರಿಸಿದರು. ಮರಿಗಳಿಗೆ 16 ವಾರ ತುಂಬುವವರೆಗೂ ಲಸಿಕೆ ಮತ್ತೆ ಮತ್ತೆ ಹಾಕುವುದು ಈ ಕಾರಣಕ್ಕೆ.

ಇಂದಿನ ಬಳಕೆ: ಕೊನೆಯ ಲಸಿಕೆ ಹತ್ತಿತೇ ಎಂದು ನಾಲ್ಕು ವಾರಗಳ ಅನಂತರ ನೋಡಲು, ಬೆಳೆದ ನಾಯಿಗೆ ಮರುಲಸಿಕೆ ಬೇಕೇ ಎಂದು ತೀರ್ಮಾನಿಸಲು ಪರೀಕ್ಷೆ ನೆರವಾಗುತ್ತದೆ. ಡಿಸ್ಟೆಂಪರ್, ಪಾರ್ವೊಗಳಲ್ಲಿ, ತಾಯಿಯ ಪ್ರತಿಕಾಯಗಳು ಅಳಿದ ಮೇಲೂ ಪ್ರತಿಕಾಯ ಕಂಡರೆ ನಾಯಿಗೆ ರಕ್ಷಣೆ ಇದೆಯೆಂದೇ ಅರ್ಥ. ಕಾಣದಿದ್ದರೆ ರಕ್ಷಣೆ ಇಲ್ಲವೇ ಇಲ್ಲ ಎನ್ನಲಾಗದು, ನಿರೋಧಕ ಜೀವಕೋಶಗಳ ನೆನಪು ಉಳಿದಿರಬಹುದು. ಆದರೂ ಲಸಿಕೆ ಹಾಕಿಸುವುದೇ ಕ್ಷೇಮ. ರೇಬೀಸ್ ಮಾತ್ರ ಬೇರೆ: ನ್ಯೂಯಾರ್ಕ್ ರಾಜ್ಯದಲ್ಲಿ ನಾಯಿಗೆ ಅದರ ಲಸಿಕೆ ಕಾನೂನಿನಂತೆ ಕಡ್ಡಾಯ, ಟೈಟರ್ ಅದಕ್ಕೆ ಬದಲಿಯಾಗುವುದಿಲ್ಲ.