ಹಾಡುತ್ತಾ ಮರಣವನ್ನು ಎದುರುಗೊಂಡ ಸಂತ

ಮರಣಶಯ್ಯೆಯಲ್ಲಿರುವವರು ಹಾಡಬಹುದೇ? 1226ರಲ್ಲಿ ಇಟಲಿಯ ಅಸ್ಸಿಸಿ ನಗರದಲ್ಲಿ ಈ ಪ್ರಶ್ನೆ ಎದ್ದಿತು. ಅದನ್ನು ಎತ್ತಿದವರು ಪರಕೀಯರಲ್ಲ; ಸಂತ ಫ್ರಾನ್ಸಿಸರ ಒಡನಾಡಿಯೇ ಆಗಿದ್ದರು.

ಫ್ರಾನ್ಸಿಸರು ತಾರುಣ್ಯದಿಂದಲೂ ಗಾನಪ್ರಿಯರು. ಬಟ್ಟೆ ವ್ಯಾಪಾರಿಯ ಮಗನಾಗಿ ಗೆಳೆಯರೊಡನೆ ನಗರದ ಬೀದಿಗಳಲ್ಲಿ ಹಾಡುತ್ತಾ ಅಲೆದವರು, ಸರ್ವಸ್ವವನ್ನೂ ತೊರೆದ ಮೇಲೆ ದೇವರ ಗಾಯಕರಾದರು. 1224ರಲ್ಲಿ ಲಾ ವೆರ್ನಾ ಬೆಟ್ಟದ ಮೇಲೆ ಪಂಚಗಾಯಗಳನ್ನು ಪಡೆದ ಅನಂತರ ಅವರ ದೇಹ ದಿನೇ ದಿನೇ ಕುಗ್ಗಿತು. 1225ರಲ್ಲಿ ಸಾನ್ ದಾಮಿಯಾನೊ ದೇವಾಲಯದ ಬಳಿ, ಚಾಪೆಗಳಿಂದ ಕಟ್ಟಿದ ಕಿರುಕೋಣೆಯಲ್ಲಿ ಅವರು 50ಕ್ಕೂ ಹೆಚ್ಚು ದಿನ ಮಲಗಿದ್ದರು. ಕಣ್ಣಿನ ಬೇನೆಯಿಂದಾಗಿ ಹಗಲಿನ ಬಿಸಿಲನ್ನಾಗಲಿ, ಇರುಳಿನ ಬೆಂಕಿಯ ಬೆಳಕನ್ನಾಗಲಿ ಸಹಿಸಲಾರದ ಸ್ಥಿತಿ. ಇಲಿಗಳ ಕಾಟದಿಂದ ನಿದ್ರೆಯೂ ಇಲ್ಲ. ಅಲ್ಲಿಯೇ 'ಸೂರ್ಯ ಸಹೋದರನ ಗೀತೆ' ಹುಟ್ಟಿತು. ಬೆಳಕನ್ನು ನೋಡಲಾರದವರು ಸೂರ್ಯನನ್ನು ಸಹೋದರನೆಂದು ಕರೆದು ಸೃಷ್ಟಿಕರ್ತನನ್ನು ಸ್ತುತಿಸಿದರು. ವಿದ್ವಾಂಸರ ಲತೀನಿನಲ್ಲಿ ಅಲ್ಲ, ಉಂಬ್ರಿಯಾದ ಜನರ ಆಡುನುಡಿಯಲ್ಲಿ.

ಮುಂದೆ ಚಿಕಿತ್ಸೆಗಾಗಿ ರಿಯೆತಿಯಲ್ಲಿದ್ದಾಗ, ಹಿಂದೆ ತಂತಿವಾದ್ಯ ನುಡಿಸಬಲ್ಲವರಾಗಿದ್ದ ಒಬ್ಬ ಸಹೋದರರನ್ನು ಕರೆದು, ತಮ್ಮ ನೋವಿಗೆ ಸಾಂತ್ವನವಾಗಿ ನುಡಿಸುವಂತೆ ಫ್ರಾನ್ಸಿಸರು ಕೇಳಿಕೊಂಡರು. ಜನ ಏನೆಂದಾರು ಎಂದು ಆ ಸಹೋದರರು ಹಿಂಜರಿದರು. ಫ್ರಾನ್ಸಿಸರು ಒತ್ತಾಯಿಸಲಿಲ್ಲ. ಮರುರಾತ್ರಿ ಯಾರೂ ಕಾಣದಿದ್ದರೂ ವಾದ್ಯದ ಇಂಪಾದ ನಾದ ಅವರಿಗೆ ಕೇಳಿಸಿತೆಂದು ಹಳೆಯ ಚರಿತ್ರೆಗಳು ಹೇಳುತ್ತವೆ.

ಗೀತೆಯೂ ಅವರ ಬದುಕಿನೊಡನೆ ಬೆಳೆಯಿತು. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರದ ಅಧಿಪತಿಗೂ ವೈಮನಸ್ಯವುಂಟಾದಾಗ ಅವರು ಕ್ಷಮೆಯ ಚರಣವೊಂದನ್ನು ಸೇರಿಸಿ, ಅದನ್ನು ಇಬ್ಬರ ಮುಂದೆ ಹಾಡಲು ಸಹೋದರರನ್ನು ಕಳುಹಿಸಿದರು. ಉಪದೇಶ ಮಾಡಲಾಗದ್ದನ್ನು ಹಾಡು ಮಾಡಿತು, ಅವರಿಬ್ಬರೂ ರಾಜಿಯಾದರು.

ಕೊನೆಯ ಚರಣದ ಕಥೆ ನಮ್ಮ ಹೃದಯಕ್ಕೆ ಇನ್ನೂ ಹತ್ತಿರವಾದುದು. 1226ರಲ್ಲಿ ಧರ್ಮಾಧ್ಯಕ್ಷರ ನಿವಾಸದಲ್ಲಿ ಮಲಗಿದ್ದ ಫ್ರಾನ್ಸಿಸರು, ಸತ್ಯವನ್ನು ಮುಚ್ಚಿಡಬೇಡಿ ಎಂದು ವೈದ್ಯರನ್ನು ಕೇಳಿಕೊಂಡರು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಆರಂಭಕ್ಕೋ ಅಂತ್ಯ ಬರಬಹುದೆಂದು ವೈದ್ಯರು ತಿಳಿಸಿದರು. ಆಗ ಫ್ರಾನ್ಸಿಸರು ಮರಣವನ್ನು ಸಹೋದರಿಯೆಂದು ಸ್ವಾಗತಿಸಿದರು. ಸಹೋದರ ಆಂಜೆಲೊ ಹಾಗೂ ಸಹೋದರ ಲಿಯೊ ಅವರನ್ನು ಕರೆಸಿ ಗೀತೆಯನ್ನು ಹಾಡಿಸಿದರು. ಮರಣದ ಕುರಿತ ಚರಣವನ್ನೂ ಸೇರಿಸಿದರು.

ಈ ಹಾಡು ಹಗಲಿರುಳೂ ಕೇಳಿಸತೊಡಗಿದಾಗ ಸಹೋದರ ಎಲಿಯಾಸ್ ಕಳವಳಗೊಂಡರು. ಸಂತನೆಂದು ಜನ ಗೌರವಿಸುವವರು ಸಾಯುವ ಹೊತ್ತಿನಲ್ಲಿ ಹೀಗೆ ಹಾಡಿದರೆ ಜನ ಏನೆಂದಾರು? ಮರಣವನ್ನು ಧ್ಯಾನಿಸಬೇಕಲ್ಲವೇ? ತಾವು ಹಗಲಿರುಳು ಅದನ್ನೇ ಧ್ಯಾನಿಸುತ್ತಾ ಬಂದಿರುವುದರಿಂದಲೇ, ಈ ಬೇನೆಯಲ್ಲಿಯೂ ಪ್ರಭುವಿನಲ್ಲಿ ಹರ್ಷಿಸಲು ಬಿಡಿ ಎಂಬುದು ಫ್ರಾನ್ಸಿಸರ ಉತ್ತರದ ಸಾರ. ಅಕ್ಟೋಬರ್ 3ರ ಸಂಜೆ, ಪೊರ್ಸಿಯುಂಕುಲಾ ಎಂಬ ತಮ್ಮ ಪ್ರೀತಿಯ ಪುಟ್ಟ ದೇವಾಲಯದ ಬಳಿ, ಬರಿ ನೆಲದ ಮೇಲೆ ಅವರು ಕಣ್ಮುಚ್ಚಿದರು. ಅವರು ಹಾಡುತ್ತಲೇ ಮರಣವನ್ನು ಬರಮಾಡಿಕೊಂಡರೆಂದು ಚರಿತ್ರಕಾರ ಥಾಮಸ್ ಚೆಲಾನೊ ಬರೆದಿದ್ದಾರೆ.

ಆತ್ಮೀಯರೇ, ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಾಡು ಅವರ ನೋವನ್ನು ಅಳಿಸಲಿಲ್ಲ. ಸತ್ಯವನ್ನು ಮರೆಯಿಸಲೂ ಇಲ್ಲ. ಸತ್ಯವನ್ನು ಕೇಳಿದ ಮೇಲೆ ಹಾಡು ಬಂತು. ನಮ್ಮ ಮನೆಗಳಲ್ಲಾದರೋ ಕ್ರಮ ಬೇರೆ. ರೋಗಿಯಿಂದ ಸತ್ಯವನ್ನು ಮರೆಮಾಡುತ್ತೇವೆ, ಬಾಗಿಲ ಹೊರಗೆ ಪಿಸುಗುಟ್ಟುತ್ತೇವೆ. ಪ್ರಾಣ ಹೋದ ಮೇಲೆ ಸ್ತುತಿಗೀತೆಗಳ ಪುಸ್ತಕ ತೆರೆಯುತ್ತೇವೆ. ಬದುಕಿರುವಾಗಲೇ ಹಾಡಬಾರದೇಕೆ? ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಗುರುಗಳು ಬಂದಾಗ, ಅಜ್ಜಿಗೆ ಪ್ರಿಯವಾದ ಹಾಡನ್ನು ಮೊಮ್ಮಕ್ಕಳು ಮೆಲ್ಲಗೆ ಹಾಡಿದರೆ ಅದೂ ಪ್ರಾರ್ಥನೆಯೇ.

ಫ್ರಾನ್ಸಿಸರ ಗೀತೆಯ ರಾಗ ಇಂದು ಯಾರಿಗೂ ತಿಳಿಯದು. ಅಸ್ಸಿಸಿಯ ಹಳೆಯ ಹಸ್ತಪ್ರತಿಯಲ್ಲಿ ರಾಗಸಂಕೇತಕ್ಕೆಂದು ಬಿಟ್ಟ ಜಾಗ ಖಾಲಿಯಾಗಿಯೇ ಉಳಿದಿದೆ. ಆದರೆ ಸಾಯುವವರಿಗೆ ಬೇಕಾದುದು ತಪ್ಪಿಲ್ಲದ ರಾಗವಲ್ಲ, ಪರಿಚಿತವಾದ ದನಿ. ಜನ ಏನೆಂದಾರು ಎಂದು ಅಳುಕದೆ, ಆ ದನಿಯನ್ನು ನಮ್ಮವರಿಗೆ ಕೊನೆಯವರೆಗೂ ನೀಡುವ ವರವನ್ನು ಪ್ರಭು ನಮಗೆ ದಯಪಾಲಿಸಲಿ.