ಬೆಂಗಳೂರಿಗೆ ಹೋಗುವ ಮುಂಚೆ: ಚಿನ್ನದ ಗಣಿಯ ಲೆಕ್ಕ

ಡಿಗ್ರಿ ಮುಗಿಸಿದ ನಮ್ಮ ಹುಡುಗ ಹುಡುಗಿಯರ ಮುಂದೆ ಇವತ್ತು ಒಂದೇ ಪ್ರಶ್ನೆ ನಿಂತಿದೆ: ಬೆಂಗಳೂರಿಗೆ ಹೋಗೋದಾ, ಇಲ್ಲೇ ಇರೋದಾ? ಕೋಲಾರ, ತುಮಕೂರು, ಚಾಮರಾಜನಗರ, ಕಲಬುರಗಿ, ಎಲ್ಲಿ ಕೇಳಿದರೂ ಇದೇ ಮಾತು. ಉಳ್ಳವರ ಮನೆಗಳಲ್ಲಿ ಇದಕ್ಕೆ ಉತ್ತರ ಹೇಳೋಕೆ ಚಿಕ್ಕಪ್ಪ ಇರುತ್ತಾನೆ, ಸೋದರಮಾವ ಇರುತ್ತಾನೆ, ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಹೋಗಿ ಇಳಿದುಕೊಳ್ಳಲು ಒಂದು ಮನೆಯೂ ಇರುತ್ತದೆ. ನಮಗೆ ಯಾರಿದ್ದಾರೆ? ನಮ್ಮ ಮನೆಗಳಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರೇ ನಾವು. ನಮ್ಮ ಅವ್ವಂದಿರಿಗೆ ಗೊತ್ತಿರೋದು "ಉಷಾರಾಗಿ ಇರಪ್ಪಾ" ಅನ್ನುವ ಒಂದೇ ಮಾತು. ಆದ್ದರಿಂದ ನಾವು ಚರಿತ್ರೆಯನ್ನೇ ಕೇಳಬೇಕಾಗಿದೆ. ಅರಮನೆಯ ಚರಿತ್ರೆ ಇದಕ್ಕೆ ಬಾಯಿ ಬಿಡುವುದಿಲ್ಲ. ಗಂಟುಮೂಟೆ ಹೊತ್ತು ಹೋದ ನಮ್ಮ ಜನರ ಚರಿತ್ರೆಯನ್ನು ಕೇಳಬೇಕು.

ಊರು ಬಿಟ್ಟದ್ದಕ್ಕೆ ಅಳುವ ಸಾಹಿತ್ಯ ಕನ್ನಡದಲ್ಲಿ ಬೇಕಾದಷ್ಟಿದೆ. ತೋಟ, ಜಗಲಿ, ಹೊಳೆದಂಡೆ ಅಂತ ಕಣ್ಣೀರಿಡುವವರಿಗೆ ತೋಟವೂ ಇತ್ತು, ಜಗಲಿಯೂ ಇತ್ತು. ನಮಗೆ ಇದ್ದದ್ದು ಊರಾಚೆಯ ಕೇರಿ, ಮುಟ್ಟಬಾರದ ಬಾವಿ, ಯಜಮಾನನ ಮನೆಯ ಜೀತ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟ ಬಾಬಾಸಾಹೇಬರು ಹಳ್ಳಿಯನ್ನು ಸ್ವರ್ಗ ಮಾಡಿ ಕೂರಿಸುವವರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡರು. ಹಳ್ಳಿ ಅಂದರೆ ಅಜ್ಞಾನ ಮತ್ತು ಸಂಕುಚಿತ ಬುದ್ಧಿಯ ಬಿಲ ಅನ್ನುವುದು ಅವರ ಅನುಭವದ ಮಾತಾಗಿತ್ತು.

ಅವರ ಬದುಕೇ ಒಂದು ಸ್ಥಳಾಂತರದಿಂದ ತಿರುವು ಪಡೆದದ್ದು. 20ನೇ ಶತಮಾನದ ಆರಂಭದಲ್ಲಿ ತಂದೆ ರಾಮ್‌ಜಿ ಸಕ್ಪಾಲರು ಸಾತಾರದಿಂದ ಸಂಸಾರವನ್ನು ಬೊಂಬಾಯಿಗೆ ತಂದರು. ಪರೇಲಿನ ಚಾಳಿನಲ್ಲಿ ಇಕ್ಕಟ್ಟಿನ ವಾಸ. ಆದರೆ ಎಲ್ಫಿನ್‌ಸ್ಟನ್ ಹೈಸ್ಕೂಲು ಸಿಕ್ಕಿತು, 1907ರಲ್ಲಿ ಮೆಟ್ರಿಕ್ ಆಯಿತು. ಸಾತಾರದಲ್ಲೇ ಉಳಿದಿದ್ದರೆ ಈ ದಾರಿ ತೆರೆಯುತ್ತಿತ್ತೇ? ನಗರದ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅದೇ ಅಂಬೇಡ್ಕರರು 1917ರಲ್ಲಿ ಅಮೆರಿಕ, ಲಂಡನ್ನು ಕಂಡು ಬಂದು ಬರೋಡಾ ಸಂಸ್ಥಾನದ ದೊಡ್ಡ ಕೆಲಸಕ್ಕೆ ಸೇರಿದಾಗ ತಲೆ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ಛತ್ರದಲ್ಲಿದ್ದವರನ್ನು ಕೆಲವೇ ದಿನಗಳಲ್ಲಿ ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲೂ ಇದೇ ಕತೆ. ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೆಯಬೇಕು, ಹೊಲೆಯ ಮುಟ್ಟಿದ ಲಾಳಿಗೆ ಬಾಯಿ ಇಡೋದು ಹೇಗೆ ಅಂತ ಹೆಚ್ಚು ಸಂಬಳದ ನೇಯ್ಗೆ ಖಾತೆಯ ಬಾಗಿಲು ನಮ್ಮವರಿಗೆ ಮುಚ್ಚಿತ್ತು. 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರರು ಇದನ್ನೇ ಎತ್ತಿ ಕೇಳಿದರು. ಯಂತ್ರ ವಿಲಾಯಿತಿಯದು, ಅದನ್ನು ಮುಟ್ಟುವ ಕೈಯ ಜಾತಿ ಮಾತ್ರ ಇಲ್ಲಿಯದೇ!

ಬೊಂಬಾಯಿ ದೂರ ಅನ್ನುವವರು ನಮ್ಮ ಕೋಲಾರದ ಚಿನ್ನದ ಗಣಿಯನ್ನು ನೋಡಲಿ. ಈ ಪ್ರಶ್ನೆಯನ್ನು ಆ ಊರಿನಷ್ಟು ದಿನಾ ತೂಗಿ ನೋಡುವ ಊರು ಕರ್ನಾಟಕದಲ್ಲಿ ಇನ್ನೊಂದು ಇರಲಾರದು. ಆ ಊರು ಹುಟ್ಟಿದ್ದೇ ಊರು ಬಿಟ್ಟವರಿಂದ. 1876ರಿಂದ 78ರವರೆಗಿನ ಭೀಕರ ಕ್ಷಾಮ ಮದರಾಸು, ಮೈಸೂರು ಸೀಮೆಗಳನ್ನು ಒಣಗಿಸಿತ್ತು. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿತು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನರನ್ನು ಕರೆತಂದರು. ಹೆಚ್ಚಿನವರು ನಮ್ಮವರೇ. ಆಡುವ ಮಾತು ತಮಿಳೋ ತೆಲುಗೋ ಆಗಿರಬಹುದು, ಬಿಟ್ಟು ಬಂದದ್ದು ಊರ ಹೊರಗಿನ ಕೇರಿಯನ್ನೇ. ಯಜಮಾನನ ಗದ್ದೆಯಲ್ಲಿ ಬಗ್ಗಿ ಸಾಯುವುದಕ್ಕಿಂತ ಭೂಮಿಯ ಹೊಟ್ಟೆಗೆ ಇಳಿಯೋದೇ ಮೇಲು ಅಂತ ಅವರು ಲೆಕ್ಕ ಹಾಕಿದರು. ಆ ಲೆಕ್ಕ ಸುಳ್ಳಾಗಿರಲಿಲ್ಲ. ಗಣಿಯಲ್ಲಿ ಕೈಗೆ ರೊಕ್ಕ ಬರುತ್ತಿತ್ತು. ರೊಕ್ಕಕ್ಕೆ ಮೈಲಿಗೆ ಇಲ್ಲ.

ಆದರೆ ಗಣಿಯ ಊರನ್ನು ಕಟ್ಟಿದ ರೀತಿ ನೋಡಿ. ದೊರೆಗಳಿಗೆ ಗುಡ್ಡದ ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಬಿದಿರು ತಟ್ಟಿಯ ಗುಡಿಸಲುಗಳ ಲೈನು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕಿ, ಚಿನ್ನ ಕದ್ದನೇ ಅಂತ ನೋಡುವ ಕಾವಲು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾದ ಮೂರು ವರ್ಷಕ್ಕೆ, 1905ರಲ್ಲಿ. ಬೆಂಗಳೂರಿಗಿಂತ ಮುಂಚೆ ಬೆಳಕು ಕಂಡ ಊರು ಅಂತ ಪಠ್ಯಪುಸ್ತಕ ಹೆಮ್ಮೆಪಡುತ್ತದೆ. ಆ ಬೆಳಕು ಮೊದಲು ಹೋದದ್ದು ಯಂತ್ರಗಳಿಗೆ, ಬಂಗಲೆಗಳಿಗೆ. ತಟ್ಟಿ ಗುಡಿಸಲಿನ ಬುಡ್ಡಿದೀಪ ಹಾಗೇ ಉರಿಯುತ್ತಿತ್ತು.

ಹಾಗಾದರೆ ಆ ಜನರಿಗೆ ಬೆಳಕು ಎಲ್ಲಿಂದ ಬಂತು? ಇದು ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಹೇಳಲೇಬೇಕಾದ ಪಾಠ. ಅಯೋತಿದಾಸ ಪಂಡಿತರು ಮದರಾಸಿನಲ್ಲಿ 1898ರಲ್ಲಿ ಶುರುಮಾಡಿದ ಶಾಕ್ಯ ಬೌದ್ಧ ಸಂಘದ ಶಾಖೆ ಗಣಿಯ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. 1956ರ ನಾಗಪುರದ ದೀಕ್ಷೆಗೆ ಸುಮಾರು ಅರ್ಧ ಶತಮಾನ ಮುಂಚೆಯೇ ಗಣಿಯ ಕೂಲಿಗಳು ಬುದ್ಧನ ಹೆಸರು ಹೇಳುತ್ತಿದ್ದರು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ನಿಂತುಹೋಗಿದ್ದ ಅವರ 'ತಮಿಳನ್' ಪತ್ರಿಕೆ 1920ರ ದಶಕದಲ್ಲಿ ಮತ್ತೆ ಹೊರಟದ್ದು ಇದೇ ಚಿನ್ನದ ಗಣಿಯಿಂದ. ಗೆಳೆಯರೇ, ಇವತ್ತು ನಾವು ಕೈಯಿಂದ ಕಾಸು ಹಾಕಿ ಪುಟ್ಟ ಪತ್ರಿಕೆ ನಡೆಸುತ್ತೇವೆ ಅಂತ ಬೀಗುವುದು ಬೇಡ. ನಮ್ಮ ಅಜ್ಜಂದಿರು ಸಾವಿರಾರು ಅಡಿ ಆಳದಲ್ಲಿ ಬಂಡೆ ಒಡೆದು ಬಂದ ಕಾಸಿನಲ್ಲಿ ಪತ್ರಿಕೆ ನಡೆಸಿದ್ದರು.

ಬೆಳಕಿನ ಜೊತೆ ಬಲವೂ ಬಂತು. 1930ರಲ್ಲಿ ಕೂಲಿಗಳ ಬೆರಳಚ್ಚು ತೆಗೆದುಕೊಳ್ಳಲು ಕಂಪನಿ ಹೊರಟಾಗ, "ನಾವೇನು ಕಳ್ಳರಾ?" ಅಂತ ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಸತ್ತರು. ಮುಂದೆ ಈ ಊರು ಕಮ್ಯುನಿಸ್ಟರನ್ನೂ ಕಳಿಸಿತು, ರಿಪಬ್ಲಿಕನ್ ಪಕ್ಷದವರನ್ನೂ ವಿಧಾನಸಭೆಗೆ ಕಳಿಸಿತು. ಕೆಂಪು ಬಾವುಟ, ನೀಲಿ ಬಾವುಟ ಒಂದೇ ಬೀದಿಯಲ್ಲಿ ಹಾರಿದ ಊರು ಇದು. 1956ರಲ್ಲಿ ಗಣಿ ಸರ್ಕಾರದ್ದಾಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಹಳ್ಳಿ ಬಿಟ್ಟು ಬಂದವರಿಗೆ ಗಣಿ ತಾನಾಗಿ ಕೊಟ್ಟದ್ದು ಕೂಲಿ ಮತ್ತು ಕೆಮ್ಮು. ಸೂರು, ಮರ್ಯಾದೆ, ಮಾತು ಇವನ್ನೆಲ್ಲ ಅವರು ಒಟ್ಟಾಗಿ ನಿಂತು ಕಿತ್ತುಕೊಂಡರು.

ಆಮೇಲೆ 2001ರ ಫೆಬ್ರವರಿ 28 ಬಂತು. ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊತ್ತು ಕೊಟ್ಟವರ ಪಾಲಿಗೆ ಉಳಿದದ್ದು ಗಾಳಿಗೆ ಕಣ್ಣು ಮೂಗಿಗೆ ತುಂಬುವ ಸೈನೈಡ್ ದಿಬ್ಬ. ವಾಸವಿದ್ದ ಮನೆಯ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದಾಟ. ಮತ್ತೊಂದು, ರೈಲು. 1894ರಲ್ಲಿ ಚಿನ್ನಕ್ಕಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯ ಮೇಲೆ ಈಗ ಹೋಗೋದು ಮನುಷ್ಯರ ದುಡಿಮೆ. ಕತ್ತಲಲ್ಲಿ ಹತ್ತಿ, ಕತ್ತಲಲ್ಲಿ ಇಳಿಯುವ ಜನ. ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ಸೆಕ್ಯುರಿಟಿ ಗಾರ್ಡುಗಳು, ಕಂಪ್ಯೂಟರ್ ಕಲಿತ ಪದವೀಧರರು. ನಿದ್ದೆ ರೈಲಿನಲ್ಲೇ, ತಿಂಡಿಯೂ ರೈಲಿನಲ್ಲೇ.

ಹೋಗಿ ಬರುವುದಾ, ಹೋಗಿಬಿಡುವುದಾ? ಇದು ಆ ರೈಲಿನ ದಿನನಿತ್ಯದ ಚರ್ಚೆ. ಲೆಕ್ಕ ಸುಲಭ ಅಲ್ಲ. ತಿಂಗಳ ಪಾಸು ಅಗ್ಗ. ಆದರೆ ದಿನಕ್ಕೆ ನಾಲ್ಕು ಗಂಟೆ ಅಂದುಕೊಂಡರೂ 25 ದಿನಕ್ಕೆ ನೂರು ಗಂಟೆ ರೈಲಿನ ಪಾಲು. ಆ ನೂರು ಗಂಟೆಯಲ್ಲಿ ಒಬ್ಬಳು ಓದಬಹುದಿತ್ತು, ಸಂಘದ ಸಭೆಗೆ ಹೋಗಬಹುದಿತ್ತು, ಮಗುವನ್ನು ಎತ್ತಾಡಿಸಬಹುದಿತ್ತು. ಬೆಂಗಳೂರಲ್ಲೇ ಮನೆ ಮಾಡೋಣ ಅಂದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಪದ್ಧತಿ ಆ ಊರಿನದು. ಬಡ್ಡಿಗೆ ತಂದು ಕೊಡಬೇಕು. ಕೊಡುತ್ತೇವೆ ಅಂದರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ನೀವು ವೆಜ್ಜಾ? ಯಾವ ಕಡೆಯೋರು? ಮನೆದೇವರು ಯಾವುದು?" ಜಾತಿ ಅನ್ನುವ ಪದವನ್ನೇ ಬಳಸದೆ ಜಾತಿ ಕೇಳುವ ವಿದ್ಯೆ ಅದು. ಬರೋಡಾದ ದೊಣ್ಣೆ ಇಲ್ಲಿ ನಗುಮುಖದ ಪ್ರಶ್ನೆಯಾಗಿದೆ, ಅಷ್ಟೇ.

ಬೆಂಗಳೂರಿಗೆ ಈ ಗುಣ ನಿನ್ನೆ ಮೊನ್ನೆ ಬಂದದ್ದಲ್ಲ. 1898ರ ಪ್ಲೇಗಿನ ಮೇಲೆ ಕಟ್ಟಿದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಜಾತಿ ನೋಡಿ ಬೀದಿ ಹಂಚುವ ಏರ್ಪಾಡಿತ್ತು. ಇತ್ತೀಚಿನದು ಬೇಕೇ? 2001ರ ಜನಗಣತಿಯನ್ನು ಇಟ್ಟುಕೊಂಡು ಬೆಂಗಳೂರೂ ಸೇರಿದಂತೆ ದೇಶದ ಏಳು ಮಹಾನಗರಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಈ ನಗರಗಳಲ್ಲಿ ಜನ ಬೇರೆ ಬೇರೆಯಾಗಿ ವಾಸಿಸುವುದಕ್ಕೆ ಸಾಮಾಜಿಕ-ಆರ್ಥಿಕ ಸ್ಥಿತಿಯ ಅಂತರಕ್ಕಿಂತ ಜಾತಿಯ ಅಂತರವೇ ದೊಡ್ಡ ಗೆರೆ ಅಂತ ತೋರಿಸಿತು. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಯ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಜೆಸಿಬಿ ತಂದು ನೆಲಸಮ ಮಾಡಿದರು. ಚಳಿಯಲ್ಲಿ ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ದಲಿತರು, ಮುಸ್ಲಿಮರು. ನಗರವನ್ನು ಗುಡಿಸುವವರು ನಗರದಲ್ಲೇ ಇರಬೇಕು, ಆದರೆ ಕಣ್ಣಿಗೆ ಬೀಳಬಾರದು!

ಹಾಗಂತ ಬೆಂಗಳೂರು ನಮಗೆ ಏನೂ ಕೊಟ್ಟಿಲ್ಲ ಅಂದರೆ ಅದೂ ಸುಳ್ಳು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಮೀಸಲಾತಿಯ ಬಾಗಿಲಿಂದ ಒಳಹೋದ ನಮ್ಮವರಲ್ಲಿ ಒಂದು ತಲೆಮಾರು ಕ್ವಾರ್ಟರ್ಸು ಕಂಡಿತು, ಪಿಂಚಣಿ ಕಂಡಿತು, ಮಕ್ಕಳನ್ನು ಇಂಜಿನಿಯರು ಮಾಡಿತು. 1980ರ ಕೊನೆಯಿಂದ 77 ದಿನ ಈ ಕಾರ್ಖಾನೆಗಳ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಆ ಬಾಗಿಲು ಇವತ್ತು ಕಿರಿದಾಗಿದೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ, ಎಷ್ಟೋ ಕಡೆ ಯೂನಿಯನ್ನೂ ಇಲ್ಲ. ನಾವು ಬೆಂಗಳೂರಿಗೆ ಹೋಗುವ ಹೊತ್ತಿಗೆ ನಮ್ಮ ಚಿಕ್ಕಪ್ಪಂದಿರು ನುಗ್ಗಿದ ಗೇಟಿಗೆ ಬೀಗ ಬೀಳುತ್ತಿದೆ.

ಹೀಗಿರುವಾಗ ತೂಗೋದು ಹೇಗೆ? ಸಂಬಳ ಒಂದನ್ನೇ ತಕ್ಕಡಿಗೆ ಹಾಕಿದರೆ ಬೆಂಗಳೂರು ಯಾವಾಗಲೂ ಗೆಲ್ಲುತ್ತದೆ. ಮೇಸ್ತ್ರಿಯ ಮುಂಗಡವೂ ಹೀಗೇ ಗೆದ್ದಿತ್ತು. ಚರಿತ್ರೆ ನಮಗೆ ಮೂರು ಪ್ರಶ್ನೆ ಕಲಿಸಿದೆ. ಒಂದು: ಆ ಕೆಲಸ ಎಷ್ಟು ದಿನದ್ದು, ತೆಗೆದುಹಾಕಿದರೆ ಕೇಳೋಕೆ ಯಾರಿದ್ದಾರೆ? ಎರಡು: ಮಲಗುವ ಜಾಗ ಎಲ್ಲಿ, ಹೆಸರು ಮರೆಸದೆ ಅಲ್ಲಿ ಇರಬಹುದೇ? ಬಾಡಿಗೆಗಾಗಿ ಹೆಸರಿನ ಬಾಲ ಬದಲಿಸಿಕೊಂಡು, ಗೋಡೆಯಿಂದ ಬಾಬಾಸಾಹೇಬರ ಫೋಟೋ ಇಳಿಸಿ ಬದುಕೋದಾದರೆ ನಾವು ಕೇರಿಯನ್ನು ಬಿಡಲಿಲ್ಲ, ಎದೆಯೊಳಗೇ ಕಟ್ಟಿಕೊಂಡೆವು ಅಂತ ಅರ್ಥ. ಮೂರು: ಕಷ್ಟ ಬಂದಾಗ ಜೊತೆಗೆ ನಿಲ್ಲುವ ಹತ್ತು ಜನ ಅಲ್ಲಿದ್ದಾರೆಯೇ, ಇಲ್ಲದಿದ್ದರೆ ಕಟ್ಟುವ ಶಕ್ತಿ ನಮಗಿದೆಯೇ?

ಮೂರಕ್ಕೂ ಉತ್ತರ ಇದ್ದವರು ಹೋಗಲಿ, ತಲೆಯೆತ್ತಿ ಹೋಗಲಿ. ಉತ್ತರ ಅರ್ಧ ಇದ್ದವರು ಒಬ್ಬೊಬ್ಬರೇ ಹೋಗುವುದು ಬೇಡ. ನಾಲ್ಕು ಜನ ಸೇರಿ ಒಂದು ರೂಮು ಹಿಡಿಯಲಿ, ಅಡ್ವಾನ್ಸು ಹಂಚಿಕೊಳ್ಳಲಿ, ಮುಂದೆ ಬರುವ ತಂಗಿ ತಮ್ಮಂದಿರಿಗೆ ಒಂದು ಚಾಪೆ ಜಾಗ ಇಟ್ಟಿರಲಿ. ಉಳ್ಳವರ ಚಿಕ್ಕಪ್ಪ ಮಾಡುವ ಕೆಲಸವನ್ನು ನಮಗೆ ಸಂಘ ಮಾಡಬೇಕು. ಇಲ್ಲೇ ಉಳಿಯುವವರು ಸೋತವರು ಅಂತ ಯಾರೂ ತಿಳಿಯಬಾರದು. ಸಣ್ಣ ಊರಿನ ಶಾಲೆಯಲ್ಲಿ ಪಾಠ ಹೇಳುವ, ಹಕ್ಕುಪತ್ರಕ್ಕೆ ಅರ್ಜಿ ಬರೆದುಕೊಡುವ, ಹಾಸ್ಟೆಲ್ಲಿನ ಹುಳ ಬಿದ್ದ ಅನ್ನಕ್ಕೆ ಗಲಾಟೆ ಎಬ್ಬಿಸುವ ಪದವೀಧರ ಇಲ್ಲದೆ ಹೋದರೆ ಮುಂದಿನ ರೈಲಿಗೆ ಹತ್ತುವವರು ಮತ್ತೆ ಹೆಬ್ಬೆಟ್ಟಿನವರೇ ಆಗುತ್ತಾರೆ.

ಮಾರಿಕುಪ್ಪಂಗೆ ಬಂದಿಳಿದ ನಮ್ಮ ಅಜ್ಜಂದಿರ ಗಂಟಿನಲ್ಲಿ ಎರಡು ಹಿಡಿ ರಾಗಿಯೂ ಇತ್ತೋ ಇಲ್ಲವೋ. ಸಂಘ ಕಟ್ಟಿದರು, ಪತ್ರಿಕೆ ಮಾಡಿದರು, ಗುಂಡಿಗೆ ಎದೆ ಕೊಟ್ಟರು. ನಮ್ಮ ಕೈಯಲ್ಲಿ ಡಿಗ್ರಿ ಇದೆ. ಇಟ್ಟುಕೊಂಡು ಒಬ್ಬರೇ ಓಡುವುದಕ್ಕೆ ಅದನ್ನು ಯಾರೂ ಕೊಡಿಸಿದ್ದಲ್ಲ.