ದಾಳಿಂಬೆ ರಸದಲ್ಲಿ ಬೆಂದ ಕೋಳಿ: ಒಂದು ರುಚಿಯ ದೀರ್ಘ ಪಯಣ

ಸ್ಟುಡಿಯೋದ ದೀಪಗಳು ಆರಿದ ಮೇಲೆಯೇ ಒಳ್ಳೆಯ ಪ್ರಶ್ನೆಗಳು ಹುಟ್ಟುತ್ತವೆ ಎಂಬುದು ನನ್ನ ಅನುಭವ. ಆಹಾರದ ಚರಿತ್ರೆಯನ್ನು ಕುರಿತ ಮಾತುಕತೆಯ ಚಿತ್ರೀಕರಣ ಮುಗಿದು ಅತಿಥಿಗಳು ಕಾಫಿಗೆ ಎದ್ದಿದ್ದರು. ಪ್ರೇಕ್ಷಕರ ಸಾಲಿನಲ್ಲಿದ್ದ ಕಾಲೇಜು ವಿದ್ಯಾರ್ಥಿಯೊಬ್ಬ ಹತ್ತಿರ ಬಂದ. "ಸರ್, ದೊಡ್ಡ ಹೋಟೆಲುಗಳಲ್ಲಿ ಕೋಳಿಯ ಮೇಲೆ ಕಿತ್ತಳೆ ರಸ, ಮಾವಿನ ರಸ ಬಳಿದು ಹೊಳೆಯುವ ಹಾಗೆ ಮಾಡಿ ಕೊಡುತ್ತಾರಲ್ಲ, ಅದು ಪರದೇಶದ ಚಟ ಅಲ್ಲವೇ? ಮಾಂಸಕ್ಕೆ ಯಾರಾದರೂ ಸಿಹಿ ಹಾಕುತ್ತಾರೆಯೇ?" ಎಂದು ಕೇಳಿದ.

ಕ್ಯಾಮೆರಾ ಆಗಲೇ ನಿಂತಿತ್ತು. ಆತನಿಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಉಳಿದರ್ಧವನ್ನು ಈ ಪುಟಗಳಲ್ಲಿ ಹೇಳಲು ಪ್ರಯತ್ನಿಸಿದ್ದೇನೆ. ಮಾಂಸ ತಿನ್ನದ ಮನೆಯ ವಿದ್ಯಾರ್ಥಿಗಳೂ ಇದನ್ನು ನಿಸ್ಸಂಕೋಚವಾಗಿ ಓದಬಹುದು. ಇದು ಅಡುಗೆಯ ಪಾಠವಲ್ಲ. ಹಣ್ಣು, ಪದ ಮತ್ತು ಮನುಷ್ಯರು ಒಟ್ಟಿಗೆ ನಡೆದ ದಾರಿಯ ಕಥೆ.

ಬಾಗ್ದಾದಿನ ಅಡುಗೆಮನೆ

ಅಬ್ಬಾಸಿ ಖಲೀಫ ಅಲ್-ಮನ್ಸೂರ್ ಕ್ರಿ.ಶ. 762ರಲ್ಲಿ ಟೈಗ್ರಿಸ್ ನದಿಯ ದಂಡೆಯಲ್ಲಿ ಬಾಗ್ದಾದ್ ನಗರಕ್ಕೆ ಅಡಿಗಲ್ಲು ಹಾಕಿಸಿದ. ಅದಕ್ಕೆ ಮೊದಲು ಆ ಸೀಮೆಯನ್ನು ಆಳಿದವರು ಇರಾನಿನ ಸಾಸಾನಿ ಅರಸರು. ಹೊಸ ಅರಸರು ಹಳೆಯ ಅರಸರಿಂದ ಆಡಳಿತದ ಪದ್ಧತಿಗಳನ್ನು ಕಲಿತರು, ಉಡುಗೆಯನ್ನು ಕಲಿತರು, ಊಟವನ್ನೂ ಕಲಿತರು. ಹುಳಿ ಮತ್ತು ಸಿಹಿಯನ್ನು ಒಂದೇ ಪಾತ್ರೆಯಲ್ಲಿ ಕೂಡಿಸುವುದು ಇರಾನಿನ ಅಡುಗೆಯ ಹಳೆಯ ಗುಣ. 'ಸಿಕ್‌ಬಾಜ್' ಎಂಬ ಪ್ರಸಿದ್ಧ ಮಾಂಸದ ಅಡುಗೆಯ ಹೆಸರಿನಲ್ಲೇ ಹುಳಿಯಿದೆ. ಪರ್ಶಿಯನ್ ಭಾಷೆಯಲ್ಲಿ 'ಸಿಕ್' ಎಂದರೆ ವಿನಿಗರ್. ಆ ಹುಳಿಗೆ ಜೇನುತುಪ್ಪವನ್ನೋ ಖರ್ಜೂರದ ರಸವನ್ನೋ ಬೆರೆಸಿ ಹದಗೊಳಿಸುತ್ತಿದ್ದರು.

ನಮಗೆ ದೊರೆತಿರುವ ಅತ್ಯಂತ ಹಳೆಯ ಅರಬ್ಬಿ ಪಾಕಗ್ರಂಥ ಹತ್ತನೆಯ ಶತಮಾನದ್ದು. ಅದನ್ನು ಸಂಕಲಿಸಿದವನು ಇಬ್ನ್ ಸಯ್ಯಾರ್ ಅಲ್-ವರ್ರಾಕ್. ಅದರಲ್ಲಿ 'ಜೂದಾಬ' ಎಂಬ ಒಂದು ಅಡುಗೆಯಿದೆ. ಬಾಣಲೆಯಲ್ಲಿ ತೆಳುವಾದ ರೊಟ್ಟಿ ಹಾಸಿ, ಅದರ ಮೇಲೆ ಸುಲಿದ ಬಾಳೆಹಣ್ಣನ್ನು ಹರಡಿ, ಸಕ್ಕರೆ ಉದುರಿಸಿ, ಮತ್ತೆ ರೊಟ್ಟಿ, ಮತ್ತೆ ಹಣ್ಣು ಎಂದು ಪದರ ಪದರವಾಗಿ ಜೋಡಿಸಬೇಕು. ಕೊನೆಗೆ ಗುಲಾಬಿ ನೀರು ಸುರಿದು ಬಾಣಲೆಯನ್ನು ತನ್ನೂರಿನೊಳಗೆ ಇಳಿಸಬೇಕು. ತನ್ನೂರು ಎಂದರೆ ನಮ್ಮ ತಂದೂರಿ ಒಲೆಯೇ. ಎರಡೂ ಒಂದೇ ಪದದ ರೂಪಗಳು. ಬಾಣಲೆಯ ಮೇಲ್ಗಡೆ ಒಂದು ಕೊಬ್ಬಿದ ಕೋಳಿಯನ್ನು ತೂಗುಹಾಕಿ ಸುಡುತ್ತಿದ್ದರು. ಕೋಳಿ ಬೇಯುತ್ತಿದ್ದಂತೆ ಅದರ ರಸ ಮತ್ತು ಕೊಬ್ಬು ತೊಟ್ಟಿಕ್ಕಿ ಕೆಳಗಿನ ಹಣ್ಣಿಗೆ ಇಳಿಯುತ್ತಿತ್ತು. ಇಂದಿನ ಹೋಟೆಲಿನವರು ಹಣ್ಣಿನ ರಸವನ್ನು ಕೋಳಿಯ ಮೇಲೆ ಬಳಿಯುತ್ತಾರೆ. ಬಾಗ್ದಾದಿನವರು ಕೋಳಿಯ ರಸವನ್ನು ಹಣ್ಣಿನ ಮೇಲೆ ಸುರಿಸುತ್ತಿದ್ದರು!

ಈ ಬಾಳೆಹಣ್ಣಿನ ಪಾಕವನ್ನು ಗ್ರಂಥವು ಇಬ್ರಾಹಿಂ ಇಬ್ನ್ ಅಲ್-ಮಹ್ದಿಯ ಹೆಸರಿನಲ್ಲಿ ದಾಖಲಿಸಿದೆ. ಆತ ಹಾರೂನ್ ಅಲ್-ರಶೀದನ ಮಲತಮ್ಮ, ಕವಿ, ಗಾಯಕ, ಊಟದ ರಸಿಕ. ರಾಜಕುಮಾರನ ಹೆಸರು ನಮಗೆ ತಿಳಿದಿದೆ. ತನ್ನೂರಿನ ಬೆಂಕಿಯ ಮುಂದೆ ನಿಂತು ಬೆವರಿದ ಅಡುಗೆಯವನ ಹೆಸರು ಗ್ರಂಥದಲ್ಲಿಲ್ಲ. ಪಾಕಗ್ರಂಥಗಳನ್ನು ಓದುವಾಗ ಈ ಮಾತು ನೆನಪಿರಬೇಕು. ಅವು ಅರಮನೆಯ ಊಟವನ್ನು ಹೇಳುತ್ತವೆ, ಊರಿನ ಊಟವನ್ನಲ್ಲ.

ಹಣ್ಣುಗಳು ಬಂದ ದಾರಿ

ಈಗ ಆ ಬಾಣಲೆಯ ಒಳಗನ್ನು ಇನ್ನೊಮ್ಮೆ ನೋಡೋಣ. ಬಾಳೆ ಮರುಭೂಮಿಯ ಬೆಳೆಯಲ್ಲ. ಅದು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ತೇವದ ನೆಲದ್ದು. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ಬೆಳೆದದ್ದು ಭಾರತದಲ್ಲಿ. ಸಂಸ್ಕೃತದ 'ಶರ್ಕರಾ' ಪರ್ಶಿಯನ್ನಿನಲ್ಲಿ 'ಶಕರ್' ಆಯಿತು, ಅರಬ್ಬಿಯಲ್ಲಿ 'ಸುಕ್ಕರ್' ಆಯಿತು, ಯುರೋಪಿನಲ್ಲಿ 'ಶುಗರ್' ಆಯಿತು. ನಮ್ಮ 'ಸಕ್ಕರೆ' ಅದೇ ಮನೆತನದ್ದು. ಕೋಳಿಯಾದರೂ ಅಷ್ಟೇ. ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿಯೇ ಅದರ ಮೂಲ. ಥಾಯ್‌ಲೆಂಡಿನಲ್ಲಿ ದೊರೆತ ಮೂಳೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅದನ್ನು ಸಾಕತೊಡಗಿ ಸುಮಾರು 3,500 ವರ್ಷಗಳಾಗಿವೆ.

ಕಿತ್ತಳೆಯ ಕುಟುಂಬದ ಕಥೆ ಇನ್ನೂ ಸ್ಪಷ್ಟವಾಗಿದೆ. ಬಾಗ್ದಾದಿನಲ್ಲಿ ಹುಟ್ಟಿದ ಪ್ರವಾಸಿ, ಇತಿಹಾಸಕಾರ ಅಲ್-ಮಸೂದಿ ಕ್ರಿ.ಶ. 956ರಲ್ಲಿ ತೀರಿಕೊಂಡ. ಹಿಜರಿ 300ರ ನಂತರ, ಎಂದರೆ ಕ್ರಿ.ಶ. 912ರ ಈಚೆಗೆ, ಹುಳಿ ಕಿತ್ತಳೆಯನ್ನು ಭಾರತದಿಂದ ತಂದು ಮೊದಲು ಓಮಾನಿನಲ್ಲಿ ನೆಟ್ಟರು, ಅಲ್ಲಿಂದ ಅದು ಬಸ್ರಾಕ್ಕೂ ಸಿರಿಯಾಕ್ಕೂ ಹೋಯಿತು ಎಂದು ಆತ ಬರೆದಿದ್ದಾನೆ. ನೆಲ ಬದಲಾದುದರಿಂದ ಭಾರತದಲ್ಲಿದ್ದ ಬಣ್ಣವೂ ಪರಿಮಳವೂ ಅದಕ್ಕೆ ಉಳಿಯಲಿಲ್ಲ ಎಂದೂ ಹೇಳಿದ್ದಾನೆ. 'ನಾರಂಗ' ಎಂಬ ಪದ 'ನಾರಂಜ್' ಆಗಿ, ಮುಂದೆ 'ಆರೆಂಜ್' ಆಯಿತು. ಸಂಸ್ಕೃತದ ಈ ಪದವೇ ದ್ರಾವಿಡ ಮೂಲದ್ದಿರಬೇಕು ಎಂಬುದು ಹಲವು ಭಾಷಾತಜ್ಞರ ಅಭಿಪ್ರಾಯ. ಹಳಗನ್ನಡದಲ್ಲಿ 'ನಾರು' ಎಂದರೆ ವಾಸನೆ ಬೀರು ಎಂದು ಅರ್ಥ; ಕನ್ನಡ ಮೇಷ್ಟ್ರು ತರಗತಿಯಲ್ಲಿ ಹೇಳಿರಬಹುದು.

ಆದರೆ ದಾಳಿಂಬೆ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆದ ಹಣ್ಣು. ಅದರ ತವರು ಇರಾನ್ ಮತ್ತು ಅದರ ಸುತ್ತಲಿನ ನಾಡು. ಇಂದು ವಿಜಯಪುರ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳ ರೈತರು ಬೆಳೆಯುವ ದಾಳಿಂಬೆ ನಮಗೆ ಪಶ್ಚಿಮದಿಂದ ಬಂದದ್ದು. ಹೀಗೆ ಕೊಟ್ಟದ್ದೂ ಉಂಟು, ಪಡೆದದ್ದೂ ಉಂಟು.

ಕಲ್ಯಾಣ, ಬಾಗ್ದಾದ್, ಹೈದರಾಬಾದ್

ಈ ಕಾಲದಲ್ಲಿ ನಮ್ಮ ನಾಡಿನಲ್ಲಿ ಏನಿತ್ತು? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ 'ಅನ್ನಭೋಗ' ಎಂಬ ಭಾಗವಿದೆ. ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿ ಸಿಗುತ್ತಾರೆ. ಅವುಗಳ ಪಕ್ಕದಲ್ಲೇ ಕೆಂಡದ ಮೇಲೆ ಸುಟ್ಟ ಮಾಂಸದ ಅಡುಗೆಗಳೂ ಇವೆ. ಉಪ್ಪು, ಇಂಗು, ಶುಂಠಿಗಳ ಜೊತೆ ಹುಳಿಯೂ ಅಲ್ಲಿ ಮಾಂಸವನ್ನು ಹದಮಾಡುವ ವಸ್ತು. ಅತ್ತ ಮನುಸ್ಮೃತಿ ಊರಕೋಳಿಯನ್ನು ದ್ವಿಜರಿಗೆ ನಿಷೇಧಿಸಿದೆ. ಅರಸರ ಅಡುಗೆಮನೆ ಒಂದು, ಶಾಸ್ತ್ರ ಇನ್ನೊಂದು. 'ನಮ್ಮ ಹಿಂದಿನವರು ಹೀಗೆಯೇ ಉಣ್ಣುತ್ತಿದ್ದರು' ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡುವವರು ಈ ಎರಡನ್ನೂ ಎದುರಿಗಿಟ್ಟುಕೊಂಡು ಯೋಚಿಸಬೇಕು.

ಮಾನಸೋಲ್ಲಾಸ ಹುಟ್ಟಿ ಸುಮಾರು ನೂರು ವರ್ಷಗಳಾದ ಮೇಲೆ, 1226ರಲ್ಲಿ, ಬಾಗ್ದಾದಿನ ಮುಹಮ್ಮದ್ ಇಬ್ನ್ ಅಲ್-ಹಸನ್ ಎಂಬಾತ ಒಂದು ಚಿಕ್ಕ ಪಾಕಗ್ರಂಥ ಬರೆದ. ಆತನನ್ನು ಅಲ್-ಬಾಗ್ದಾದಿ ಎಂದೇ ಕರೆಯುವುದು ರೂಢಿ. ಲೋಕದ ಸುಖಗಳನ್ನು ಆರು ಬಗೆಯೆಂದು ಎಣಿಸಿ, ಅವುಗಳಲ್ಲಿ ಊಟವೇ ಹಿರಿದು ಎಂದವನು ಆತ. ಏಪ್ರಿಕಾಟ್ ಹಾಕಿ ಬೇಯಿಸಿದ 'ಮಿಶ್‌ಮಿಶಿಯ್ಯ', ಸೇಬಿನ 'ತುಫ್ಫಾಹಿಯ್ಯ', ದಾಳಿಂಬೆಯ 'ರುಮ್ಮಾನಿಯ್ಯ' ಮೊದಲಾದ ಹೆಸರುಗಳೇ ಹಣ್ಣುಗಳಿಂದ ಬಂದವು. ಅವನ ಅಡುಗೆಗಳಲ್ಲಿ ಅನೇಕವು ಕುರಿಯ ಬಾಲದ ಕೊಬ್ಬನ್ನು ಕರಗಿಸುವುದರಿಂದ ಆರಂಭವಾಗುತ್ತವೆ.

ಆತ 1239ರಲ್ಲಿ ತೀರಿಕೊಂಡ. 1258ರಲ್ಲಿ ಹುಲಾಗುವಿನ ಮಂಗೋಲ್ ಸೈನ್ಯ ಬಾಗ್ದಾದನ್ನು ಹಾಳುಮಾಡಿತು. ಖಲೀಫನ ಕೊಲೆಯಾಯಿತು, ಗ್ರಂಥಾಲಯಗಳು ನಾಶವಾದವು. ಈ ಪುಟ್ಟ ಪುಸ್ತಕ ಮಾತ್ರ ಉಳಿದುಕೊಂಡಿತು. ಅದರ ಹಸ್ತಪ್ರತಿ ಇಸ್ತಾಂಬುಲ್ ನಗರ ಸೇರಿತ್ತು. 1934ರಲ್ಲಿ ಇರಾಕಿನ ಮೋಸುಲ್‌ನಲ್ಲಿ ಅದು ಮುದ್ರಣವಾಯಿತು. ಅದರ ಇಂಗ್ಲಿಷ್ ಅನುವಾದ ಮೊದಲು ಅಚ್ಚಾದದ್ದು ಎಲ್ಲಿ ಗೊತ್ತೆ? ಲಂಡನ್ನಿನಲ್ಲಲ್ಲ, ಕೈರೋದಲ್ಲೂ ಅಲ್ಲ. ನಮ್ಮ ನೆರೆಯ ಹೈದರಾಬಾದಿನಲ್ಲಿ. ಎ. ಜೆ. ಆರ್ಬೆರಿ ಮಾಡಿದ ಅನುವಾದವನ್ನು ಅಲ್ಲಿಂದ ಹೊರಡುತ್ತಿದ್ದ 'ಇಸ್ಲಾಮಿಕ್ ಕಲ್ಚರ್' ಪತ್ರಿಕೆ 1939ರಲ್ಲಿ ಪ್ರಕಟಿಸಿತು. ಮಾನಸೋಲ್ಲಾಸ ಹುಟ್ಟಿದ ಕಲ್ಯಾಣವೂ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಇಂದು ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ.

ನೇಪಲ್ಸಿನ 'ರೊಮಾನಿಯ'

ಪೂರ್ವಕ್ಕೆ ಬಂದ ಈ ರುಚಿ ಪಶ್ಚಿಮಕ್ಕೂ ಹೋಯಿತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಇಟಲಿಯ ನೇಪಲ್ಸ್ ಆಸ್ಥಾನದಲ್ಲಿ ಸಿದ್ಧವಾಯಿತೆಂದು ತಿಳಿಯಲಾದ 'ಲಿಬೆರ್ ದೆ ಕೊಕ್ವಿನ' ಎಂಬ ಲ್ಯಾಟಿನ್ ಪಾಕಗ್ರಂಥವಿದೆ. ಅದರಲ್ಲಿ 'ರೊಮಾನಿಯ' ಎಂಬ ಕೋಳಿಯ ಅಡುಗೆ ಬರುತ್ತದೆ. ಕೋಳಿಯನ್ನು ಈರುಳ್ಳಿಯೊಡನೆ ಹುರಿಯಬೇಕು. ಸಿಪ್ಪೆಸಹಿತ ಬಾದಾಮಿ ಅರೆದು ಸಿಹಿ ಮತ್ತು ಹುಳಿ ದಾಳಿಂಬೆಗಳ ರಸದಲ್ಲಿ ಕದಡಿ, ಸೋಸಿ, ಕೋಳಿಯೊಡನೆ ಕುದಿಸಬೇಕು.

ಹೆಸರು ಕೇಳಿದರೆ ಇದು ರುಮೇನಿಯಾ ದೇಶದ್ದೋ ರೋಮ್ ನಗರದ್ದೋ ಎನ್ನಿಸುತ್ತದೆ. ಫ್ರೆಂಚ್ ವಿದ್ವಾಂಸ ಮಾಕ್ಸಿಮ್ ರೊದಿನ್‌ಸನ್ ಈ ಗಂಟನ್ನು ಬಿಡಿಸಿದರು. ಅರಬ್ಬಿಯಲ್ಲಿ 'ರುಮ್ಮಾನ್' ಎಂದರೆ ದಾಳಿಂಬೆ. 'ರುಮ್ಮಾನಿಯ್ಯ'ವೇ 'ರೊಮಾನಿಯ' ಆಗಿತ್ತು. ಅದೇ ಪುಸ್ತಕದ 'ಲಿಮೋನಿಯ' ನಿಂಬೆಹಣ್ಣಿನ 'ಲಯ್‌ಮೂನಿಯ್ಯ'.

ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಬಾಗ್ದಾದಿನ ಅಡುಗೆಗಳಲ್ಲಿ ಕುರಿಯ ಬಾಲದ ಕೊಬ್ಬು ಇತ್ತಲ್ಲವೇ? ನೇಪಲ್ಸಿನವರು ಕೋಳಿಯನ್ನು ಹುರಿದದ್ದು ಹಂದಿಯ ಕೊಬ್ಬಿನಲ್ಲಿ. ಧರ್ಮಯುದ್ಧಗಳು ನಡೆದಿದ್ದ ಕಾಲವದು. ಒಬ್ಬರು ಮುಟ್ಟದ ವಸ್ತುವನ್ನು ಇನ್ನೊಬ್ಬರು ಒಲೆಯ ಮೇಲಿಟ್ಟರು. ಆದರೂ ದಾಳಿಂಬೆಯ ರಸ ಮತ್ತು ಅದರ ಅರಬ್ಬಿ ಹೆಸರನ್ನು ಬಿಡಲಿಲ್ಲ. ಕತ್ತಿ ಹಿಡಿದವರ ನಡುವೆಯೂ ಸೌಟು ಹಿಡಿದವರು ಮಾತು ಬಿಟ್ಟಿರಲಿಲ್ಲ ಎನ್ನಬೇಕು.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಈ ರುಚಿ ಹಿಂದೆ ಸರಿಯಿತು. ಸಕ್ಕರೆ ಮಾಂಸದ ತಟ್ಟೆಯಿಂದ ಇಳಿದು ಊಟದ ಕೊನೆಯ ಸಿಹಿತಿಂಡಿಗೆ ಹೋಯಿತು. ವೈದ್ಯರ ಕಲ್ಪನೆಗಳು ಬದಲಾದದ್ದು ಒಂದು ಕಾರಣ. ಸಕ್ಕರೆ ಅಗ್ಗವಾಗಿ ಅದರ ರಾಜಪದವಿ ಹೋದದ್ದು ಇನ್ನೊಂದು. ಅದು ಹೇಗೆ ಅಗ್ಗವಾಯಿತು? ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದದ್ದರಿಂದ. ಮೂರೂವರೆ ಶತಮಾನಗಳ ಅವಧಿಯಲ್ಲಿ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಹಡಗುಗಳಿಗೆ ತುಂಬಿ ಅಟ್ಲಾಂಟಿಕ್ ದಾಟಿಸಲು ಹೊರಟರೆಂಬುದು ಇತಿಹಾಸಕಾರರ ಲೆಕ್ಕ. ದಾರಿಯಲ್ಲೇ ಲಕ್ಷಾಂತರ ಜನ ಸತ್ತರು. ಬದುಕಿ ಉಳಿದವರಲ್ಲಿ ಬಹುಪಾಲು ಜನರನ್ನು ನುಂಗಿದ್ದು ಕಬ್ಬಿನ ಗದ್ದೆ. ಸಿಹಿಯ ಚರಿತ್ರೆಯಲ್ಲಿ ಈ ಕಹಿಯನ್ನು ಬಿಟ್ಟು ಬರೆಯಲಾಗದು.

ಹೊಳಪಿನ ವಿಜ್ಞಾನ

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಆ ಹೊಳಪಿನ ಬಗ್ಗೆಯೂ ಎರಡು ಮಾತು ಹೇಳುವ ಆಸೆ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾರಿನಲ್ಲಿ ಬೇಯುವ ಕೋಳಿ ಆ ಶಾಖವನ್ನು ದಾಟಿ ಹೆಚ್ಚು ಮುಂದೆ ಹೋಗದು, ಆದ್ದರಿಂದ ಕೆಂಪಾಗದು. ಒಣ ಬೆಂಕಿಯಲ್ಲಿ ಮೇಲ್ಮೈಯ ನೀರು ಆರಿ ಶಾಖ 140 ಡಿಗ್ರಿಯ ಆಸುಪಾಸಿಗೆ ಏರಿದಾಗ ಮಾಂಸದ ಅಮೈನೋ ಆಮ್ಲಗಳು ಮತ್ತು ಕೆಲವು ಬಗೆಯ ಸಕ್ಕರೆಗಳು ಬೇಗಬೇಗ ಕೂಡಿ ಕಂದು ಬಣ್ಣವನ್ನೂ ನೂರಾರು ಪರಿಮಳಗಳನ್ನೂ ಹುಟ್ಟಿಸುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ.

ಬಿಳಿ ಸಕ್ಕರೆ, ಎಂದರೆ ಸುಕ್ರೋಸ್, ಈ ಕ್ರಿಯೆಯಲ್ಲಿ ನೇರವಾಗಿ ಭಾಗವಹಿಸದು. ಹುಳಿ ಹಣ್ಣಿನ ಆಮ್ಲದಲ್ಲಿ ಕಾಯಿಸಿದಾಗ ಅದು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಇವೆರಡೂ ಭಾಗವಹಿಸುತ್ತವೆ. ಆಮ್ಲ ಜಾಸ್ತಿಯಾದರೆ ಮಾತ್ರ ಕಂದಾಗುವ ವೇಗ ಕುಗ್ಗುತ್ತದೆ. ಇನ್ನು ಹಣ್ಣಿನ ರಸ ಇಂಗುತ್ತಾ ಹೋದಂತೆ ಬೆಲ್ಲದ ಎಳೆಪಾಕದ ಹಾಗೆ ಅಂಟಾಗಿ ಮಾಂಸಕ್ಕೆ ಹಿಡಿಯುತ್ತದೆ. ಆ ನಯವಾದ ಪದರ ಬೆಳಕನ್ನು ಪ್ರತಿಫಲಿಸುವುದರಿಂದಲೇ ಹೊಳಪು. ಫ್ರಕ್ಟೋಸ್ ಕಡಿಮೆ ಶಾಖಕ್ಕೇ ಸೀದುಹೋಗುವುದರಿಂದ ಬಲ್ಲ ಅಡುಗೆಯವರು ಈ ಲೇಪವನ್ನು ಕೊನೆಯ ಕೆಲವು ನಿಮಿಷಗಳಲ್ಲಿ ಮಾತ್ರ ಹಚ್ಚುತ್ತಾರೆ. ಹುಳಿ ರಸವನ್ನು ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಕುದಿಸಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ರಸಾಯನಶಾಸ್ತ್ರವೇ. ಆಮ್ಲ ತಾಮ್ರವನ್ನು ಕರಗಿಸುತ್ತದೆ.

ಹಾಗಾದರೆ ಇದು ಯಾರದು?

ಇರಾನಿನಲ್ಲಿ ಇಂದಿಗೂ ಕೋಳಿಯನ್ನೋ ಬಾತುಕೋಳಿಯನ್ನೋ ಅರೆದ ಅಕ್ರೋಟು ಮತ್ತು ದಾಳಿಂಬೆಯ ಗಟ್ಟಿ ರಸದಲ್ಲಿ ಬೇಯಿಸುತ್ತಾರೆ. ಅದರ ಹೆಸರು 'ಫೆಸೆಂಜಾನ್'. ಇರಾನಿನಿಂದ ಬಂದು ಗುಜರಾತ್, ಮುಂಬಯಿಗಳಲ್ಲಿ ನೆಲೆಸಿದ ಪಾರ್ಸಿಗಳು ಒಣ ಏಪ್ರಿಕಾಟ್ ಹಾಕಿ 'ಜರ್ದಾಲು ಮುರ್ಗಿ' ಮಾಡುತ್ತಾರೆ. ಅದರ ಮೇಲೆ ಎಳೆಎಳೆಯಾಗಿ ಕರಿದ ಆಲೂಗಡ್ಡೆ ಉದುರಿಸುತ್ತಾರೆ. ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ನಮ್ಮ ಕರಾವಳಿಯ ಮದುವೆಯೂಟದ ಅನಾನಸು ಮೆಣಸ್ಕಾಯಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಮಾಂಸವಿಲ್ಲ, ಆದರೆ ಹಣ್ಣು, ಬೆಲ್ಲ, ಹುಳಿ, ಖಾರ ಎಲ್ಲವೂ ಒಂದೇ ಪಾತ್ರೆಯಲ್ಲಿವೆ. ಅನಾನಸನ್ನು ಅಮೆರಿಕದಿಂದ ತಂದವರು ಪೋರ್ಚುಗೀಸರು. ಹಾಗೆಂದು ಅದನ್ನು ಪರದೇಶದ ಅಡುಗೆ ಎಂದು ಯಾವ ಅಜ್ಜಿಯೂ ಒಪ್ಪಲಾರಳು.

ಅಂದು ಆ ವಿದ್ಯಾರ್ಥಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೇ. ಹೋಟೆಲಿನ ಆ ತಟ್ಟೆ ಹೊರಗಿನಿಂದ ಬಂದಿರಬಹುದು. ಆದರೆ ಅದರಲ್ಲಿರುವ ಸಕ್ಕರೆ, ಕಿತ್ತಳೆಗಳು ಒಂದು ಕಾಲದಲ್ಲಿ ನಮ್ಮ ಕಡೆಯಿಂದಲೇ ಹೊರಟವು. ಸಾವಿರ ವರ್ಷ ಊರೂರು ಸುತ್ತಿ, ಹೆಸರು ಬದಲಿಸಿಕೊಂಡು, ಮನೆಗೆ ನೆಂಟರಂತೆ ಬಂದಿವೆ. ತಟ್ಟೆಯ ಮೇಲೆ 'ನಮ್ಮದು', 'ಅವರದು' ಎಂದು ಗೆರೆ ಎಳೆಯಲು ಹೊರಟರೆ ಯಾವ ಮನೆಯ ಊಟವೂ ಪೂರ್ತಿ ಉಳಿಯದು.

ಕೊನೆಯದಾಗಿ ಒಂದು ಕೆಲಸ ಹಚ್ಚುತ್ತೇನೆ. ಬಾಗ್ದಾದಿನ ರುಚಿ ನಮಗೆ ತಿಳಿದದ್ದು ಯಾರೋ ಒಬ್ಬರು ಅದನ್ನು ಕಾಗದಕ್ಕೆ ಇಳಿಸಿದ್ದರಿಂದ. ನಿಮ್ಮ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುವ ಒಂದು ಅಡುಗೆಯನ್ನು ಕೇಳಿ ಬರೆದಿಡಿ. ಅಳತೆಯನ್ನು ಬರೆಯಿರಿ, ಪಾತ್ರೆ ಯಾವುದೆಂದು ಬರೆಯಿರಿ. ಎಲ್ಲಕ್ಕಿಂತ ಮೊದಲು, ಅದನ್ನು ಮಾಡುತ್ತಿದ್ದವರ ಹೆಸರು ಬರೆಯಿರಿ. ಇಬ್ರಾಹಿಂ ರಾಜಕುಮಾರನ ಅಡುಗೆಯವನಿಗೆ ಸಿಗದ ಆ ಒಂದು ಸಾಲು ನಿಮ್ಮ ಅಜ್ಜಿಗೆ ಸಿಗಲಿ.